ಹಗ್ಗ ಹಿಡಿದು ನಿಂತಷ್ಟು ಹೊತ್ತು

ನಾನು ನಿಂತಿದ್ದದ್ದು ತಗಡಿನ ಕಣಜದ ಹೊರಗಿನ ಏಣಿಯ ಮೇಲೆ. ಎಡಗಾಲು ಹತ್ತೊಂಬತ್ತನೆಯ ಮೆಟ್ಟಿಲಿನಲ್ಲಿತ್ತು, ಬಲಗಾಲು ಹದಿನೆಂಟನೆಯದರಲ್ಲಿ. ಎದೆ ಕಣಜದ ಮಾಡಿನ ಕಿಂಡಿಗೆ ಒತ್ತಿಕೊಂಡಿತ್ತು, ತಲೆ ಮತ್ತು ಎರಡು ಕೈ ಕಿಂಡಿಯ ಒಳಗಿದ್ದವು. ತೊಂಬತ್ತನಾಲ್ಕನೆಯ ಇಸವಿ, ಫೆಬ್ರುವರಿಯ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ ದಾಟಿ ಹತ್ತು ನಿಮಿಷ. ಏಣಿ ಹತ್ತುವ ಮೊದಲು ಗಡಿಯಾರ ನೋಡಿಕೊಂಡಿದ್ದರಿಂದ ಸಮಯ ಗೊತ್ತು. ಮೆಟ್ಟಿಲುಗಳನ್ನು ಎಣಿಸಿದ್ದು ಆಮೇಲೆ, ಒಂದು ವಾರ ಕಳೆದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ.

ಕಣಜದ ಒಳಗೆ, ನನ್ನಿಂದ ಎರಡಾಳು ಕೆಳಗೆ, ನಮ್ಮ ಬಾಡಿಗೆ ಮನೆಯ ಮಾಲೀಕರು ಮೆಕ್ಕೆಜೋಳದ ರಾಶಿಯ ಮೇಲೆ ನಿಂತಿದ್ದರು. ಅವರ ಕಂಕುಳಿನಡಿ ಸುತ್ತಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.

ಆ ಊರು ದಕ್ಷಿಣ ಕೆರೊಲಿನಾದ ಪೂರ್ವಕ್ಕಿದೆ. ಒಂದೇ ಟ್ರಾಫಿಕ್ ಲೈಟು, ಊರನ್ನು ಎರಡು ಮಾಡುವ ರೈಲು ಹಳಿ, ಹಳಿಯ ಈಚೆ ಬಿಳಿಯರ ಚರ್ಚು, ಆಚೆ ಕರಿಯರ ಚರ್ಚು. ಸುತ್ತ ಮೆಕ್ಕೆಜೋಳ, ಸೋಯಾ, ಹತ್ತಿ, ಸ್ವಲ್ಪ ಹೊಗೆಸೊಪ್ಪು. ಊರ ಹೊರಗೆ ಟವೆಲ್ ನೇಯುವ ಒಂದು ಮಿಲ್ಲು. ನಾನು ಆ ಮಿಲ್ಲಿಗೆ ಎಂಜಿನಿಯರಾಗಿ ಬಂದವನು. ಇಡೀ ಊರಿನಲ್ಲಿ ನಮ್ಮನ್ನು ಬಿಟ್ಟರೆ ಇದ್ದ ಭಾರತೀಯರು ಹೆದ್ದಾರಿ ಪಕ್ಕದ ಮೋಟೆಲ್ ನಡೆಸುವ ಗುಜರಾತಿ ಕುಟುಂಬ ಮತ್ತು ವಾರಕ್ಕೆ ಮೂರು ದಿನ ಬರುವ ಒಬ್ಬ ಡಾಕ್ಟರು. ನಮ್ಮ ಮಾಲೀಕರು ಮೊದಲ ದಿನವೇ ಕೇಳಿದ್ದರು, "ಮೋಟೆಲ್ಲೂ ಇಲ್ಲ, ಡಾಕ್ಟರೂ ಅಲ್ಲ. ಹಾಗಾದರೆ ನಿನ್ನನ್ನ ಏನಂತ ಕರೀಲಿ?" ಅಂದಿನಿಂದ ನನ್ನನ್ನು ಡಾಕ್ಟರ್ ಎಂದೇ ಕರೆದರು. ನಾನು ಅವರನ್ನು ಸರ್ ಅನ್ನುತ್ತಿದ್ದೆ. ಅವರಿಗೆ ಆಗ ಅರವತ್ತೆರಡು ವರ್ಷ.

ಅವರ ಮನೆಯ ಹಿಂದೆ, ಅದೇ ಹೊಲದ ಅಂಚಿನಲ್ಲಿ ನಮ್ಮ ಮನೆ. ಶನಿವಾರ ಮಧ್ಯಾಹ್ನ ನನ್ನ ಹೆಂಡತಿ ಅವರ ಅಡುಗೆಮನೆಯಲ್ಲಿ ಇರುತ್ತಿದ್ದಳು. ಮಾಲೀಕರ ಹೆಂಡತಿಗೆ ಮಾತಿಗೊಬ್ಬರು ಬೇಕು, ಇವಳಿಗೆ ಇಂಗ್ಲಿಷ್ ಮಾತಾಡುವ ರೂಢಿ ಆಗಬೇಕು. ಇಬ್ಬರೂ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಪೆಕಾನ್ ಕಾಯಿ ಒಡೆದು ಬಿಡಿಸುತ್ತಿದ್ದರು. ಪೆಕಾನ್ ಅಂದರೆ ನಮ್ಮ ಅಕ್ರೋಟಿನ ಹಾಗೆ, ಸಿಪ್ಪೆ ತೆಳು, ರುಚಿ ಸಿಹಿ. ಆ ಕಿಟಕಿಯಿಂದ ಕಣಜ ಪೂರ್ತಿ ಕಾಣುತ್ತದೆ. ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ಚಳಿಗಾಲ ಕಣಜದೊಳಗೆ ತೇವ ಸೇರಿ ಮೇಲಿನ ಜೋಳ ಬೂಷ್ಟು ಹಿಡಿದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಕಣಜದ ತಳದಲ್ಲಿ ಒಂದು ಉದ್ದನೆಯ ಕಬ್ಬಿಣದ ಸುರುಳಿ ಇರುತ್ತದೆ. ಆಗರ್ ಅನ್ನುತ್ತಾರೆ. ಮೋಟರ್ ಹಾಕಿದರೆ ಅದು ತಿರುಗಿ, ನಡುಮಧ್ಯದ ತೂತಿನಿಂದ ಕಾಳನ್ನು ಹೊರಗೆ ಎಳೆದು ಲಾರಿಗೆ ತುಂಬುತ್ತದೆ. ಮೇಲಿನ ಪದರ ಗಟ್ಟಿಯಾದರೆ ಕಾಳು ಇಳಿಯುವುದಿಲ್ಲ. ಆಗ ಯಾರಾದರೂ ಒಳಗಿಳಿದು ಕಬ್ಬಿಣದ ಸಲಾಕೆಯಿಂದ ಚುಚ್ಚಿ ಒಡೆಯಬೇಕು. ಆ ಊರಿನಲ್ಲಿ ಎಲ್ಲರೂ ಮೋಟರ್ ಓಡುತ್ತಿರುವಾಗಲೇ ಇಳಿಯುತ್ತಿದ್ದರು. ಒಬ್ಬರು ಒಳಗೆ, ಒಬ್ಬರು ಸ್ವಿಚ್ ಕಂಬದ ಹತ್ತಿರ. ಒಳಗಿನವರು ತಗಡಿಗೆ ಎರಡು ಸಲ ಬಡಿದರೆ ಹೊರಗಿನವರು ಸ್ವಿಚ್ ಆರಿಸಬೇಕು.

ಸ್ವಿಚ್ ಕಂಬದ ಹತ್ತಿರ ನಿಲ್ಲುವ ಆಳು ಆವತ್ತು ಹಳಿಯಾಚೆಯ ಚರ್ಚಿಗೆ, ಮೊಮ್ಮಗಳ ದೀಕ್ಷಾಸ್ನಾನಕ್ಕೆ ಹೋಗಿದ್ದ. ಮಾಲೀಕರು ನಮ್ಮ ಬಾಗಿಲಿಗೆ ಬಂದರು.

"ಡಾಕ್ಟರ್, ಒಂದು ಗಂಟೆ ಬಿಡುವಿದೆಯಾ? ಕೆಲಸ ಏನಿಲ್ಲ. ಕಂಬದ ಹತ್ತಿರ ನಿಂತು ಚಂದ ಕಾಣಿಸಬೇಕು, ಅಷ್ಟೇ."

ನಾನು ಹೋದೆ. ದಾರಿಯಲ್ಲಿ ಕೇಳಿದೆ, "ನೀವು ಹಗ್ಗ ಕಟ್ಟಿಕೊಳ್ಳೋದಿಲ್ಲವಾ, ಸರ್?"

"ಯಾತಕ್ಕೆ?"

ಇಲ್ಲಿ ನಮ್ಮ ಕಡೆಯ ಹಗೇವಿನ ಮಾತು ಹೇಳಬೇಕು. ವಿಜಾಪುರದ ಕಡೆ ನಮ್ಮ ಅಜ್ಜಿಯ ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಯ ಮೇಲಿನ ಕಲ್ಲು ತೆಗೆದು ಒಂದು ದಿನ ಗಾಳಿಯಾಡಲು ಬಿಡುತ್ತಿದ್ದರು. ಆಮೇಲೆ ಕಂದೀಲು ಇಳಿಬಿಟ್ಟು ದೀಪ ಆರುತ್ತದೆಯೋ ಇಲ್ಲವೋ ನೋಡುತ್ತಿದ್ದರು. ಆಮೇಲೆ ನಡುವಿಗೆ ಹಗ್ಗ ಕಟ್ಟಿ ಒಬ್ಬನನ್ನು ಇಳಿಸುತ್ತಿದ್ದರು. ಹಗ್ಗದ ತುದಿಯನ್ನು ಆಳಿಗೆ ಕೊಡುವಂತಿರಲಿಲ್ಲ, ಮನೆಯವರೇ ಹಿಡಿಯಬೇಕು. ಹಿಡಿದವರು ಇಳಿದವನು ಮೇಲೆ ಬರುವ ತನಕ ಅಲ್ಲಾಡಬಾರದು, ಬೇರೆ ಮಾತಿಗೆ ಬಾಯಿ ಹಾಕಬಾರದು. ಒಮ್ಮೆ ಅಜ್ಜಿ ಹಗ್ಗ ಹಿಡಿದು ಕೂತಿದ್ದಾಗ ಆರು ವರ್ಷ ಮುನಿಸಿಕೊಂಡಿದ್ದ ಅವಳ ಅಣ್ಣ ಅಂಗಳಕ್ಕೆ ಬಂದು ನಿಂತ. ಅಜ್ಜಿ ತಲೆ ಎತ್ತಲಿಲ್ಲ. ಇಳಿದವನು ಮೇಲೆ ಬಂದು ಮೈ ಕೊಡವಿಕೊಂಡ ಮೇಲೆಯೇ ಎದ್ದು ಅಣ್ಣನ ಕಾಲಿಗೆ ನೀರು ಕೊಟ್ಟಳು. ನಾನು ಆಗ ಏಳು ವರ್ಷದವನು. ಅಂಗಳದ ಕಟ್ಟೆಯ ಮೇಲೆ ಕೂತು ನೋಡಿದ್ದೆ.

ಇದನ್ನು ಮಾಲೀಕರಿಗೆ ಎರಡು ಮಾತಿನಲ್ಲಿ ಹೇಳಿದೆ. ಹಗ್ಗವಿಲ್ಲದೆ ಕಾಳಿನೊಳಗೆ ಇಳಿಯುವುದನ್ನು ನನ್ನಿಂದ ನೋಡಲಾಗದು ಎಂದೆ. ಅವರು ನಕ್ಕು ಕೊಟ್ಟಿಗೆಗೆ ಹೋಗಿ ಕರು ಕಟ್ಟುವ ಹಗ್ಗ ತಂದರು.

"ತಗೋ. ಈಗ ಸ್ವಿಚ್ಚು ಹಿಡೀತೀಯೋ ಹಗ್ಗ ಹಿಡೀತೀಯೋ? ನಿನಗಿರೋದು ಎರಡೇ ಕೈ, ಅವೆರಡೂ ಒಂದೇ ಕಡೆ ಇವೆ."

"ಹಗ್ಗ ಹಿಡೀತೀನಿ, ಸರ್."

"ಸರಿ. ಸ್ವಿಚ್ಚು ತನ್ನನ್ನ ತಾನು ನೋಡಿಕೊಳ್ಳಲಿ."

ಅವರೇ ಕಂಬದ ಹತ್ತಿರ ಹೋಗಿ ಮೋಟರ್ ಹಾಕಿ ಬಂದು, ನನಗಿಂತ ಮುಂದೆ ಏಣಿ ಹತ್ತಿದರು. ಕಂಬದಿಂದ ಏಣಿಗೆ ಮೂವತ್ತು ಹೆಜ್ಜೆ. ಅಲ್ಲಿ ಯಾರೂ ನಿಲ್ಲದೆ ಹೋದದ್ದು ನನ್ನ ಹಟದಿಂದ. ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ.

ಒಳಗೆ ಹುಳಿ ವಾಸನೆ, ದೂಳು. ಕಿಂಡಿಯ ಬೆಳಕು ಅವರ ಟೊಪ್ಪಿಗೆಯ ಮೇಲೆ ಬೀಳುತ್ತಿತ್ತು. ನಾಲ್ಕೈದು ಸಲ ಸಲಾಕೆ ಚುಚ್ಚಿದರು. ಆರನೆಯದಕ್ಕೋ ಏಳನೆಯದಕ್ಕೋ ಕಾಲಡಿಯ ಪದರ ಒಡೆದು ಇಡೀ ರಾಶಿ ನಡುವಿಗೆ ಜಾರತೊಡಗಿತು. ಸಲಾಕೆ ಮೊದಲು ಮುಳುಗಿತು. ಅವರು ಒಂದು ಕಾಲು ಎತ್ತಲು ನೋಡಿದರು, ಆಗಲಿಲ್ಲ. ಮೊಣಕಾಲು ಮುಳುಗಿತು.

"ಸ್ವಿಚ್!" ಎಂದು ಕೂಗಿದರು.

ಮಾತು ಸ್ಪಷ್ಟವಾಗಿ ಕೇಳಿಸಿತು. ಮೋಟರಿನ ಸದ್ದಿಗೆ ಕೇಳಿಸಲಿಲ್ಲ ಎಂದು ಆಮೇಲೆ ಒಂದಿಬ್ಬರಿಗೆ ಹೇಳಿದ್ದೇನೆ. ಅದು ಸುಳ್ಳು.

ನಾನು ಹಗ್ಗ ಎಳೆದೆ. ಹಗ್ಗ ಬಿಗಿಯಾಯಿತು, ಅವರು ಮೇಲೆ ಬರಲಿಲ್ಲ. ಸೊಂಟ ಮುಳುಗಿತು.

"ಹಗ್ಗ ಬಿಡು! ಹೋಗಿ ಸ್ವಿಚ್ ಆರಿಸು!"

ನಾನು ಬಿಡಲಿಲ್ಲ. ಯೋಚಿಸಿ ಬಿಡದೆ ಹೋದದ್ದಲ್ಲ. ಹಿಡಿದವನು ಅಲ್ಲಾಡಬಾರದು ಎಂಬುದು ಕೈಯಲ್ಲಿ ಕೂತುಬಿಟ್ಟಿತ್ತು. ಹಗೇವಿನಲ್ಲಿ ಮೋಟರ್ ಇಲ್ಲ, ಅಲ್ಲಿ ಕಾಳು ಮನುಷ್ಯನನ್ನು ಎಳೆಯುವುದಿಲ್ಲ. ಇಲ್ಲಿ ನಾನು ಹಗ್ಗ ಹಿಡಿದು ನಿಂತಷ್ಟು ಹೊತ್ತೂ ಕೆಳಗೆ ಸುರುಳಿ ತಿರುಗುತ್ತಲೇ ಇತ್ತು. ಎದೆ ಮುಳುಗಿತು. ಅವರು ಕೂಗುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಕಣ್ಣು ದೂಳಿನಿಂದ ಕೆಂಪಾಗಿದ್ದವು.

ಹಗ್ಗ ನನ್ನ ಅಂಗೈ ಸೀಳಿದಾಗ, ಆ ನೋವಿಗೆ, ನನಗೆ ಏಣಿಯ ಸರಳು ಕಾಣಿಸಿತು. ಹಗ್ಗವನ್ನು ಸರಳಿಗೆ ಎರಡು ಸುತ್ತು ಹಾಕಿ ಗಂಟು ಬಿಗಿದೆ. ಕೆಳಗಿಳಿದೆ, ಕೊನೆಯ ನಾಲ್ಕೈದು ಮೆಟ್ಟಿಲು ಹಾರಿದೆ, ಓಡಿದೆ, ಸ್ವಿಚ್ ಆರಿಸಿದೆ.

ಆಮೇಲಿನ ನಿಶ್ಶಬ್ದದಲ್ಲಿ ಕಣಜದೊಳಗಿಂದ ಕೆಮ್ಮು ಕೇಳಿಸಿತು. ಬದುಕಿದ್ದರು.

ನಾನು ಅಡುಗೆಮನೆಯತ್ತ ಓಡಿದೆ. ಮಾಲೀಕರ ಹೆಂಡತಿ ಕಿರುಚಲಿಲ್ಲ. ಫೋನ್ ಮಾಡಿದರು, ಒಂದು ಲೋಟ ನೀರು ತಗೊಂಡರು, ಒದ್ದೆ ಬಟ್ಟೆ ತಗೊಂಡರು. ಆ ವಯಸ್ಸಿನಲ್ಲಿ ಏಣಿ ಹತ್ತಿ ಕಿಂಡಿಯೊಳಗೆ ತಲೆ ಹಾಕಿದರು.

"ಎಲ್ಲಿ ತನಕ ಇದ್ದೀಯ?"

"ಅಂಗಿಯ ಎರಡನೇ ಗುಂಡಿ ತನಕ."

"ನಿನ್ನೆ ತಾನೇ ಇಸ್ತ್ರಿ ಮಾಡಿದ ಅಂಗಿ ಅದು."

"ಮಾತಾಡಿಸಬೇಡ ಕಣೇ, ಉಸಿರು ಬಿಟ್ಟರೆ ಜೋಳ ಇನ್ನೂ ಬಿಗೀತದೆ."

"ಹಾಗಾದರೆ ನಾನು ಮಾತಾಡ್ತೀನಿ, ನೀನು ಕೇಳು. ನಲವತ್ತು ವರ್ಷದಲ್ಲಿ ಮೊದಲ ಸಲ." ಅವರ ದನಿ ಅಷ್ಟೂ ಹೊತ್ತು ನಡುಗಲಿಲ್ಲ. ನಾನು ಕೆಳಗೆ ನಿಂತು ಕೇಳಿದೆ.

ಊರಿನ ಸೈರನ್ ಕೂಗಿತು. ಅಲ್ಲಿ ಬೆಂಕಿ ಆರಿಸುವವರು ಅಂದರೆ ಸಂಬಳದವರಲ್ಲ. ಕ್ಷೌರದಂಗಡಿಯವನು, ಸ್ಕೂಲ್ ಬಸ್ ಓಡಿಸುವವನು, ಗೊಬ್ಬರದಂಗಡಿಯ ಅಪ್ಪ ಮಗ. ಅರ್ಧ ಕ್ಷೌರವಾದ ಗಿರಾಕಿ ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದ. ಹಳಿಯಾಚೆಯ ಚರ್ಚಿನಲ್ಲಿ ದೀಕ್ಷಾಸ್ನಾನ ಮುಗಿದು ಊಟಕ್ಕೆ ಕೂತಿದ್ದವರು ಕೋಟು ಟೈಯಲ್ಲೇ ಸಲಿಕೆ ಹಿಡಿದು ಬಂದರು. ನಮ್ಮ ಆಳೂ ಬಂದ. ಕಂಬವನ್ನು ನೋಡಿದ, ನನ್ನನ್ನು ನೋಡಿದ, ಸಲಿಕೆ ಎತ್ತಿಕೊಂಡು ಕಣಜದತ್ತ ಹೋದ.

ಗೊಬ್ಬರದಂಗಡಿಯ ಮಗ ಹಗ್ಗವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋಣ ಎಂದ. ಆಗಲೇ ಕೆಲವರು ಹೂಂ ಎಂದಿದ್ದರು. ಹಳಿಯಾಚೆ ಗುದ್ದಿದ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜಿನವನೊಬ್ಬ ತಗಡು ಕೊಯ್ಯುವ ಗರಗಸ ಹೊತ್ತು ಬಂದಿದ್ದ. ಕರಿಯರವನು, ಮೂವತ್ತು ವರ್ಷ, ಮಾತು ಕಡಿಮೆ.

"ಎಳಿ," ಎಂದ ಅವನು. "ಅರ್ಧ ಮನುಷ್ಯ ಬರ್ತಾನೆ."

ಅವನ ಚಿಕ್ಕಪ್ಪ ಬೇರೊಂದು ಊರಿನ ಕಣಜದಲ್ಲಿ ಹೀಗೆಯೇ ಸತ್ತಿದ್ದನಂತೆ. ಏನು ಮಾಡಬಾರದು ಎಂಬುದನ್ನು ಅವನು ಅಲ್ಲಿ ನಿಂತು ನೋಡಿದ್ದ. ಮೊದಲು ಅವರ ಸುತ್ತ ಹಲಗೆಯ ಗೋಡೆ ಕಟ್ಟಬೇಕು ಎಂದ. ಹಲಗೆ ಎಲ್ಲಿದೆ ಎಂದು ಯಾರೋ ಕೇಳಿದರು. ಮಾಲೀಕರ ಹೆಂಡತಿ ಏಣಿಯ ಮೇಲಿಂದಲೇ, "ನನ್ನ ಅಡುಗೆಮನೆಯ ಬಾಗಿಲು ಕೀಳಿ, ಬಚ್ಚಲಿನದ್ದೂ ಕೀಳಿ," ಎಂದರು. ಮನೆಯ ನಾಲ್ಕು ಬಾಗಿಲು ಬಂದವು. ಕಿಂಡಿ ಸಣ್ಣದು, ಒಂದೊಂದನ್ನೂ ಉದ್ದುದ್ದಕ್ಕೆ ಸೀಳಿ ಇಳಿಸಬೇಕಾಯಿತು. ಇಬ್ಬರು ತೆಳ್ಳನೆಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿಳಿದು, ಅವರ ಸುತ್ತ ಆ ಸೀಳುಗಳನ್ನು ಕಾಳಿನೊಳಗೆ ಹುಗಿದರು. ಗೋಡೆಯೊಳಗಿನ ಕಾಳನ್ನು ಕಾಫಿ ಡಬ್ಬಿಯಿಂದ ಮೊಗೆದು ಹೊರಗೆ ಸುರಿದರು. ಗ್ಯಾರೇಜಿನವನು ಹೊರಗಿನಿಂದ ಕಣಜಕ್ಕೆ ಎದುರು ಬದುರು ತೂತು ಕೊಯ್ದ. ಒಂದೇ ಕಡೆ ಕೊಯ್ದರೆ ಭಾರ ವಾಲಿ ಕಣಜ ಮಗುಚುತ್ತದೆ ಎಂದು ಹೇಳಿ, ಪ್ರತಿ ಸಲವೂ ಆಚೆ ಬದಿಗೆ ಓಡಿ ನೋಡಿ ಬರುತ್ತಿದ್ದ. ಕಾಳು ಅಂಗಳಕ್ಕೆ ಸುರಿಯಿತು. ನಾವು ಸಲಿಕೆಯಿಂದ ಅದನ್ನು ದೂರ ತಳ್ಳಿದೆವು. ನನ್ನ ಅಂಗೈಗೆ ಯಾರೋ ಕರವಸ್ತ್ರ ಸುತ್ತಿದರು. ಯಾರೆಂದು ನೋಡಲಿಲ್ಲ.

ಐದು ಮುಕ್ಕಾಲಿಗೆ, ಬೆಳಕು ಇನ್ನೂ ಇದ್ದಾಗ, ಅವರನ್ನು ಹೊರತೆಗೆದರು. ಹಗ್ಗದ ಬಿಗಿತಕ್ಕೆ ಎರಡು ಪಕ್ಕೆಲುಬು ಮುರಿದಿದ್ದವು. ಎಡಗೈ ಮುಂದೆಂದೂ ಭುಜಕ್ಕಿಂತ ಮೇಲೆ ಏಳಲಿಲ್ಲ. ಆದರೆ ಹಗ್ಗ ಇಲ್ಲದಿದ್ದರೆ ತಲೆ ಮುಳುಗುತ್ತಿತ್ತು ಎಂದು ಗ್ಯಾರೇಜಿನವನು ಎಲ್ಲರ ಮುಂದೆ ಹೇಳಿದ. ಅವನು ಕಂಡಷ್ಟು ಹೇಳಿದ, ತಪ್ಪೇನಿಲ್ಲ.

ಆ ಊರಿನ ಮಂದಿ ಆ ಸಂಜೆ ಒಂದೇ ಅಂಗಳದಲ್ಲಿ, ಬಾಗಿಲಿಲ್ಲದ ಮನೆಯ ಮುಂದೆ, ಒಬ್ಬರ ಕೈಯ ಲೋಟ ಒಬ್ಬರು ಇಸಿದುಕೊಂಡು ಕಾಫಿ ಕುಡಿದರು. ಮರುದಿನ ಭಾನುವಾರ ಹಳಿಯ ಈಚೆಯವರು ಈಚೆಯ ಚರ್ಚಿಗೆ, ಆಚೆಯವರು ಆಚೆಯದಕ್ಕೆ ಹೋದರು. ಎರಡನ್ನೂ ನಾನು ಕಂಡಿದ್ದೇನೆ.

ಮುಂದಿನ ವಾರ ಈಚೆಯ ಚರ್ಚಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ದೂರದ ದೇಶದ ಬುದ್ಧಿ ನಮ್ಮವನ ಜೀವ ಉಳಿಸಿತು ಎಂದು ಪಾದ್ರಿಗಳು ಹೇಳಿದರು. ಸ್ವಿಚ್ಚಿನ ಮಾತು ಹೇಳಬೇಕೆಂದು ಬಾಯಿ ತೆರೆದೆ, ಧನ್ಯವಾದ ಎಂದು ಕೂತೆ.

ಮಾಲೀಕರು ಆಸ್ಪತ್ರೆಯಿಂದ ಬಂದ ಮೇಲೆ, ಒಂದು ಮಧ್ಯಾಹ್ನ ಜಗಲಿಯಲ್ಲಿ ನಾವಿಬ್ಬರೇ ಕೂತಿದ್ದಾಗ ಕೇಳಿದರು.

"ಡಾಕ್ಟರ್, ಬೈಯೋಕಲ್ಲ, ತಿಳಿಯೋಕೆ ಕೇಳ್ತೀನಿ. ಬಿಡು ಅಂದೆ. ಯಾಕೆ ಬಿಡಲಿಲ್ಲ?"

ನಾನು ಅಜ್ಜಿಯ ಕತೆಯನ್ನು ಈ ಸಲ ಪೂರ್ತಿ ಹೇಳಿದೆ. ಅಣ್ಣ ಬಂದು ನಿಂತದ್ದು, ಅವಳು ತಲೆ ಎತ್ತದೆ ಇದ್ದದ್ದು. ಅವರು ಮುರಿದ ಪಕ್ಕೆಲುಬು ಹಿಡಿದುಕೊಂಡು ಕೇಳಿದರು.

"ಒಳ್ಳೆ ಹೆಂಗಸು," ಎಂದರು. "ಆದರೆ ಅವಳ ಹತ್ತಿರ ಮೋಟರ್ ಇರಲಿಲ್ಲ."

"ಇರಲಿಲ್ಲ, ಸರ್. ನನ್ನಿಂದ ತಪ್ಪಾಯಿತು. ಊರಿಗೆ ಹೇಳಿಬಿಡ್ತೀನಿ."

"ಹೇಳಬೇಡ. ಕಂಬದ ಹತ್ತಿರ ಯಾರೂ ಇಲ್ಲದೆ ಇಳಿದೆ ಅಂತ ನನ್ನ ಹೆಂಡತಿಗೆ ಗೊತ್ತಾದರೆ ನನ್ನನ್ನ ವಾಪಸ್ ಕಣಜಕ್ಕೇ ಹಾಕ್ತಾಳೆ. ನಿನ್ನ ಹಟಕ್ಕೆ ನಾನು ಒಪ್ಪಿದೆ. ಮೋಟರ್ ಹಾಕಿದ್ದು ನಾನು. ಅರ್ಧ ನಿಂದು, ಅರ್ಧ ನಂದು." ನಗಲು ಹೋಗಿ ನೋವಿಗೆ ಮುಖ ಕಿವುಚಿದರು. "ಅದಕ್ಕಿಂತ ಮೊದಲು ಎಷ್ಟೋ ಸಲ ಹಗ್ಗವೂ ಇಲ್ಲ, ಕಂಬದ ಹತ್ತಿರ ಆಳೂ ಇಲ್ಲ, ಒಬ್ಬನೇ ಇಳಿದಿದ್ದೀನಿ. ಅದನ್ನೂ ಹೇಳಬೇಡ."

ಹೇಳಲಿಲ್ಲ. ಎರಡು ವರ್ಷದ ಮೇಲೆ ಮಿಲ್ಲು ಮುಚ್ಚಿತು, ನಾವು ರಾಕ್‌ವಿಲ್ ಕಡೆಗೆ ಹೋದೆವು. ಅದಕ್ಕೆ ಮುಂಚೆ, ಒಂದು ಯುಗಾದಿಗೆ ಅಟ್ಲಾಂಟಾದ ಕನ್ನಡದವರ ಜೊತೆ ಊಟಕ್ಕೆ ಕೂತಾಗ ಯಾರೋ ನನ್ನ ಅಂಗೈ ಗುರುತು ಕೇಳಿದರು. ನಾನು ಕತೆ ಹೇಳಿದೆ, ಹಗ್ಗದ ಕತೆ ಮಾತ್ರ.

"ಏನ್ ಸಾರ್, ನಮ್ಮ ಹಗೇವು ಟೆಕ್ನಾಲಜಿ ಅಮೆರಿಕಕ್ಕೇ ಎಕ್ಸ್‌ಪೋರ್ಟ್ ಮಾಡ್ಬಿಟ್ರಲ್ಲ!" ಎಂದರು ಮೈಸೂರಿನವರೊಬ್ಬರು.

"ಅಂಕಲ್, ಯು ಆರ್ ಲೈಕ್ ಎ ಹೀರೋ," ಎಂದಳು ಅವರ ಮಗಳು.

ನನ್ನ ಹೆಂಡತಿ ತಟ್ಟೆಯ ಒಬ್ಬಟ್ಟು ಮುರಿಯುತ್ತಿದ್ದಳು. ಕಾರಿನಲ್ಲಿ, ಹೆದ್ದಾರಿ ಸೇರಿದ ಮೇಲೆ, ಕೇಳಿದಳು.

"ಯಾಕ್ರೀ, ಸ್ವಿಚ್ಚಿನ ಮಾತು ನುಂಗಿಬಿಟ್ರಿ?"

"ನಿನಗ ಹೆಂಗ ಗೊತ್ತು?"

"ಕಿಟಕಿಯಾಗ ಕೂತಿದ್ನಲ್ಲ. ಕಂಬದ ಹತ್ರ ಯಾರೂ ಇರಲಿಲ್ಲ. ನೀವು ಏಣಿ ಮ್ಯಾಲೆ ಕಲ್ಲಿನಂಗ ನಿಂತಿದ್ರಿ. ಒಳಗ ಏನ್ ನಡದೈತಿ ಅಂತ ನನಗೇನ್ ಗೊತ್ತು? ನೀವು ಹಗ್ಗ ಜಗ್ಗಿ ಹಿಂದಕ್ಕ ಬಾಗಿದ್ದು ಕಂಡಾಗಿಂದ ನೀವು ಇಳಿಯೂದರೊಳಗ ನಾನು ಎರಡು ಪೆಕಾನ್ ಬಿಡಿಸಿದೆ."

"ಎರಡಾ? ಖರೇನಾ?"

"ಎರಡು. ಮೂರನೇದು ಕೈಯಾಗಿತ್ತು. ಮಾಲೀಕರ ಹೆಂಡ್ತಿನೂ ನೋಡ್ಯಾರ. ಬಾಜೂಕೇ ಕೂತಿದ್ರಲ್ಲ."

ಮನೆಗೆ ಬಂದು ಪೆಕಾನ್ ತಂದು, ಅವಳ ಕೈಗೆ ಕೊಟ್ಟು, ಗಡಿಯಾರ ಹಿಡಿದು ಕೂತೆ. ಅವಳು ಬೇಸರಪಡಲಿಲ್ಲ. ಮೂರು ಸಲ ಬಿಡಿಸಿ ತೋರಿಸಿದಳು. ಎರಡಕ್ಕೆ ಒಮ್ಮೆ ಮೂವತ್ತೊಂದು ಸೆಕೆಂಡು, ಒಮ್ಮೆ ಮೂವತ್ತಾರು, ಒಮ್ಮೆ ಮೂವತ್ತಮೂರು. ಮೊಣಕಾಲಿನಿಂದ ಎದೆಯ ತನಕ ಅವರು ಹೋದದ್ದು ಅಷ್ಟು ಹೊತ್ತಿನಲ್ಲಿ. ಮೊದಲ ಕೂಗಿಗೇ ನಾನು ಗಂಟು ಹಾಕಿ ಇಳಿದಿದ್ದರೆ ಸೊಂಟದಲ್ಲಿ ನಿಲ್ಲುತ್ತಿದ್ದರು, ಪಕ್ಕೆಲುಬು ಉಳಿಯುತ್ತಿದ್ದವು ಎಂದು ನನ್ನ ಲೆಕ್ಕ.

ಕಣಜದಿಂದ ಹೊರಬಂದ ಮೇಲೆ ಮಾಲೀಕರು ಹನ್ನೊಂದು ವರ್ಷ ಬದುಕಿದರು, ಹಾಸಿಗೆಯಲ್ಲಿ, ನಿದ್ದೆಯಲ್ಲಿ ಹೋದರು. ಮಣ್ಣಿಗೆ ಹೋದಾಗ ಪಾದ್ರಿಗಳು ಮತ್ತೆ ಹಗ್ಗದ ಕತೆ ಹೇಳಿದರು. ಜನ ನನ್ನತ್ತ ತಿರುಗಿ ತಲೆ ಬಾಗಿಸಿದರು. ಊಟದ ಹೊತ್ತಿಗೆ ನಾನು ಮಾಲೀಕರ ಹೆಂಡತಿಯ ಪಕ್ಕ ಕೂತು, ಮಾಲೀಕರಿಗೆ ಕೊಟ್ಟ ಮಾತನ್ನು ಮುರಿದು, ಎಲ್ಲವನ್ನೂ ಹೇಳಿದೆ. ಕಂಬ, ಕೂಗು, ಎರಡನೆಯ ಕೂಗು.

ಅವರು ನನ್ನ ಅಂಗೈ ತಿರುಗಿಸಿ ನೋಡಿದರು. "ಅವನು ನನಗೆ ಹೇಳಬೇಡ ಅಂದಿದ್ದನಲ್ಲವಾ?"

"ಹೌದು, ಮ್ಯಾಮ್."

"ಹನ್ನೊಂದು ವರ್ಷ ನಾನೂ ಅವನ ಮುಂದೆ ಏನೂ ಗೊತ್ತಿಲ್ಲದವಳ ಹಾಗೇ ಇದ್ದೆ. ಕಿಟಕಿಯಿಂದ ಖಾಲಿ ಕಂಬ ಕಂಡಿತ್ತು. ಪಾಪ, ಗುಟ್ಟು ಮುಚ್ಚಿಟ್ಟೆ ಅಂತ ಎಷ್ಟು ಖುಷಿಯಾಗಿದ್ದ." ಆಮೇಲೆ ಕೈ ಬಿಟ್ಟರು. "ಬರೆದಿಡು. ಪಾದ್ರಿ ಹೇಳಿದ ಹಾಗಲ್ಲ, ಆದ ಹಾಗೆ."

ಬರೆಯಲು ಇಷ್ಟು ವರ್ಷ ತಗೊಂಡೆ. ಇದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಈಗ ನನ್ನನ್ನು ಬಿಟ್ಟು ಮೂವರಿದ್ದಾರೆ. ಮಾಲೀಕರ ಹೆಂಡತಿ, ಫೋರ್ಟ್ ಮಿಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದ, ನೆನಪು ಚೆನ್ನಾಗಿದೆ. ಅವರು ಖಾಲಿ ಕಂಬ ನೋಡಿದವರು. ಗ್ಯಾರೇಜಿನವನು, ಈಗ ಮಗನಿಗೆ ಅಂಗಡಿ ಬಿಟ್ಟುಕೊಟ್ಟು ಅದೇ ಊರಿನಲ್ಲಿದ್ದಾನೆ. ಏಣಿಯ ಸರಳಿನ ಮೇಲಿನ ನನ್ನ ಗಂಟನ್ನು ಕೊನೆಗೆ ಕೊಯ್ದವನು ಅವನೇ, ಗಂಟು ಎಷ್ಟು ಬಿಗಿದಿತ್ತೆಂದು ಅವನಿಗೆ ಗೊತ್ತು. ಮತ್ತು ನನ್ನ ಹೆಂಡತಿ, ಪಕ್ಕದ ಕೋಣೆಯಲ್ಲಿದ್ದಾಳೆ. ನಾನು ನಿಂತಿದ್ದನ್ನು ಎರಡು ಪೆಕಾನ್ ಬಿಡಿಸುವಷ್ಟು ಹೊತ್ತು ನೋಡಿದವಳು.